ಮುಚ್ಚಳ ಉಬ್ಬಿದೆ, ಬೂಷ್ಟು ಬಂದಿದೆ: ಕೊಡಗಿನ ಮನೆ ತಿನಿಸು ವ್ಯಾಪಾರದಲ್ಲಿ ದೋಷ ಹುಡುಕುವ ಬಗೆ

ಕೊಡಗಿನಲ್ಲಿ ಮಳೆ ಹಿಡಿದುಕೊಂಡರೆ, ಮನೆಯಲ್ಲಿ ತಿನಿಸು ಮಾಡಿ ಮಾರುವವರಿಗೆ ದೂರುಗಳೂ ಶುರುವಾಗುತ್ತವೆ. ಕಣಿಲೆ (ಎಳೆ ಬಿದಿರು) ಉಪ್ಪಿನಕಾಯಿ ಮೇಲೆ ಬಿಳಿ ಪೊರೆ ಬಂತು. ಬೆಂಗಳೂರಿಗೆ ಕಳಿಸಿದ ಬಾಟಲಿಯ ಮುಚ್ಚಳ ಉಬ್ಬಿತು. ಜೇನು ನೊರೆ ಬಿಟ್ಟಿತು. ಹೋಂಸ್ಟೇಗೆ ಕೊಟ್ಟ ಪಂದಿಕರಿ (ಹಂದಿ ಮಾಂಸದ ಅಡುಗೆ) ತಿಂದವರಿಗೆ ಹೊಟ್ಟೆ ಕೆಟ್ಟಿತು. ಮಾಡಿದವರು ಹೇಳುವ ಮಾತು ಒಂದೇ: "ನಾನು ಯಾವಾಗಲೂ ಮಾಡೋ ಹಾಗೇ ಮಾಡಿದ್ದೆ." ಅದು ನಿಜವೇ. ಬೇಸಿಗೆಯಲ್ಲಿ ಅದೇ ಕೈ, ಅದೇ ಅಳತೆ ಸರಿಹೋಗಿತ್ತು. ಬದಲಾಗಿದ್ದು ಗಾಳಿ, ನೀರು, ಮತ್ತೆ ಆರ್ಡರ್ ಜಾಸ್ತಿ ಬಂದಾಗ ದೊಡ್ಡದಾದ ಪಾತ್ರೆ.

ಸ್ವಸಹಾಯ ಸಂಘದ ಅಕ್ಕಂದಿರ ಜೊತೆ ಕೂತು, ಕೆಟ್ಟ ಬಾಟಲಿಗಳನ್ನು ಮುಂದಿಟ್ಟುಕೊಂಡು, ಎಲ್ಲಿ ತಪ್ಪಿತು ಅಂತ ಹುಡುಕುತ್ತಾ ಬಂದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಕಣ್ಣಿಗೆ ಕಾಣುವ ದೋಷಕ್ಕೆ ನಾವೆಲ್ಲ ಹೆದರುತ್ತೇವೆ. ಜೀವಕ್ಕೆ ಕುತ್ತು ತರುವ ದೋಷ ಬಹಳ ಸಲ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಸಿಗುವುದಿಲ್ಲ. "ವಾಸನೆ ಚೆನ್ನಾಗಿದೆ, ನಾನೇ ರುಚಿ ನೋಡಿದೆ" ಅನ್ನುವುದು ಪರೀಕ್ಷೆ ಅಲ್ಲ. ಅನುಮಾನ ಇರುವ ಬಾಟಲಿಯ ರುಚಿ ನೋಡಲೇಬಾರದು, ಒಂದು ಬೆರಳಿನಷ್ಟೂ ಬೇಡ.

ದೂರು ಬಂದ ತಕ್ಷಣ

ಕೆಟ್ಟ ಬಾಟಲಿಯ ಜೊತೆ ಅದೇ ದಿನ ಮಾಡಿದ ಎಲ್ಲಾ ಬಾಟಲಿಗಳ ಮಾರಾಟ ನಿಲ್ಲಿಸಿ. ಅವುಗಳನ್ನು ಒಂದು ಕಡೆ ಇಟ್ಟು, "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿ. ಅಂಗಡಿಗೆ ಕೊಟ್ಟಿದ್ದರೆ ಆಗಲೇ ಫೋನ್ ಮಾಡಿ. ಆಮೇಲೆ ಪುಸ್ತಕ ತೆಗೆಯಿರಿ. ಯಾವ ದಿನ ಮಾಡಿದ್ದು, ಎಷ್ಟು ಕಿಲೋ, ಉಪ್ಪು ಎಷ್ಟು, ಹುಳಿ ಎಷ್ಟು, ಯಾರು ಮಾಡಿದ್ದು, ಯಾರಿಗೆಲ್ಲ ಹೋಯಿತು. ಪುಸ್ತಕ ಇಲ್ಲದಿದ್ದರೆ ನೆನಪಿದ್ದಷ್ಟನ್ನು ಅಂದೇ ಬರೆದಿಡಿ. ಎರಡು ದಿನ ಕಳೆದರೆ ನೆನಪು ನಮಗೆ ಬೇಕಾದ ಹಾಗೆ ತಿರುಗಿಕೊಳ್ಳುತ್ತದೆ.

ಕೈಯಲ್ಲಿ ಮೂರು ಸಾಮಾನು ಬೇಕು. ಗ್ರಾಂ ತೋರಿಸುವ ತಕ್ಕಡಿ, ಆಹಾರದೊಳಗೆ ಚುಚ್ಚುವ ಥರ್ಮಾಮೀಟರ್, ಎಷ್ಟು ಹುಳಿ ಇದೆ ಅಂತ ಅಂಕಿಯಲ್ಲಿ ತೋರಿಸುವ ಒಂದು ಪಿಎಚ್ ಮೀಟರ್ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಮೀಟರ್ ಜೊತೆ 4 ಮತ್ತು 7 ಪಿಎಚ್‌ನ ದ್ರಾವಣ ತೆಗೆದುಕೊಳ್ಳಿ. ಪ್ರತಿ ಸಲ ಅದರಲ್ಲಿ ಅದ್ದಿ ಸರಿಮಾಡಿಕೊಂಡ ಮೇಲೇ ಅಳೆಯಬೇಕು. ಬಣ್ಣ ಬದಲಾಗುವ ಕಾಗದದ ಪಟ್ಟಿ ಅಗ್ಗಕ್ಕೆ ಸಿಗುತ್ತದೆ. ಆದರೆ ಮೆಣಸಿನಪುಡಿ, ಅರಿಶಿನ, ಕಾಚಂಪುಳಿಯ (ಹಣ್ಣಿನ ರಸ ಕಾಯಿಸಿ ಮಾಡುವ ಕೊಡಗಿನ ಹುಳಿ) ಕಪ್ಪು ಎಲ್ಲಾ ಸೇರಿದರೆ ಅದರಲ್ಲಿ ಏನೂ ಓದಲು ಬರುವುದಿಲ್ಲ.

ಯಾವ ದೋಷವೇ ಇರಲಿ, ಕೇಳಬೇಕಾದ ಪ್ರಶ್ನೆ ಮೂರು. ಒಳಗೆ ಎಷ್ಟು ನೀರಿದೆ? ಎಷ್ಟು ಹುಳಿ ಇದೆ? ಎಷ್ಟು ಬಿಸಿ ಎಷ್ಟು ಹೊತ್ತು ತಗುಲಿತು? ಕೊಡಗಿನ ಮಳೆಗಾಲದಲ್ಲಿ ನಾನು ನೀರಿನಿಂದಲೇ ಶುರು ಮಾಡುತ್ತೇನೆ.

ಮುಚ್ಚಳ ಉಬ್ಬಿದೆ

ಮೊದಲು ಒಂದು ನೆಪವನ್ನು ಪಕ್ಕಕ್ಕಿಡೋಣ. "ಘಟ್ಟದ ಎತ್ತರಕ್ಕೆ ಹಾಗಾಗುತ್ತೆ" ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಮಂಗಳೂರಿನಿಂದ ತಂದ ಚಿಪ್ಸ್ ಪ್ಯಾಕೆಟ್ ಮಡಿಕೇರಿಗೆ ಬರುವಷ್ಟರಲ್ಲಿ ಉಬ್ಬಿರುತ್ತದೆ, ಅದು ಸರಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ. ಆದರೆ ನಮ್ಮ ಬಾಟಲಿ ಹೋಗುವುದು ಇಲ್ಲಿಂದ ಕೆಳಗೆ. ಮಂಗಳೂರು ಸಮುದ್ರದ ಪಕ್ಕ. ಬೆಂಗಳೂರು ಸುಮಾರು 920 ಮೀಟರ್, ಅದೂ ನಮಗಿಂತ ಕೆಳಗೇ. ಕೆಳಗೆ ಹೋದ ಹಾಗೆ ಮುಚ್ಚಳ ಒಳಕ್ಕೆ ಒತ್ತಿಕೊಳ್ಳಬೇಕು. ಮಡಿಕೇರಿಯಲ್ಲಿ ಮುಚ್ಚಿದ ಬಾಟಲಿ ಬೆಂಗಳೂರಿನಲ್ಲಿ ಉಬ್ಬಿದರೆ ಒಳಗೆ ಗ್ಯಾಸ್ ಹುಟ್ಟಿದೆ ಅಂತಲೇ ತಿಳಿಯಬೇಕು. ಪಾರ್ಸೆಲ್ ಬಿಸಿಲಲ್ಲಿ ಬಿದ್ದಿತ್ತಾ ಅಂತ ಒಮ್ಮೆ ಕೇಳಿ. ಬಿಸಿಲಿನ ಉಬ್ಬು ತಣ್ಣಗಾದ ಮೇಲೆ ಇಳಿಯುತ್ತದೆ. ಇಳಿಯದಿದ್ದರೆ ಆ ಬಾಟಲಿಯನ್ನು ತೆರೆಯಬೇಡಿ ಅಂತ ಗಿರಾಕಿಗೆ ಹೇಳಿ.

ಗ್ಯಾಸ್ ಹುಟ್ಟಲು ಕಾರಣ, ಒಳಗೆ ಏನೋ ಬದುಕಿ ಬೆಳೆಯುತ್ತಿದೆ. ಹುಳಿಯೋ ಉಪ್ಪೋ ಸಾಲಲಿಲ್ಲ ಅಂತ ಅರ್ಥ. ಕಣಿಲೆ ಉಪ್ಪಿನಕಾಯಿಯಲ್ಲಿ ಇದು ಹೇಗಾಗುತ್ತದೆ ನೋಡಿ.

ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಅದಕ್ಕೇ ನಮ್ಮ ಹಿರಿಯರು ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಆಮೇಲೆ ಬೇಯಿಸಿ ನೀರು ಚೆಲ್ಲುತ್ತಿದ್ದರು. ಮುಚ್ಚಳ ಹಾಕದೆ ಬೇಯಿಸಬೇಕು, ಆ ವಿಷ ಆವಿಯ ಜೊತೆ ಹೊರಟು ಹೋಗಬೇಕು. ಈ ಕೆಲಸವನ್ನು ಯಾವ ಕಾರಣಕ್ಕೂ ಕಡಿಮೆ ಮಾಡುವ ಹಾಗಿಲ್ಲ. ಕಣಿಲೆ ಕಹಿ ಉಳಿದಿದೆ ಅನ್ನುವ ದೂರು ಬಂದರೆ ಆ ಬ್ಯಾಚ್ ಪೂರ್ತಿ ತೆಗೆದುಹಾಕಿ.

ಆದರೆ ಇಷ್ಟೆಲ್ಲಾ ನೆಂದು ಬೆಂದ ಕಣಿಲೆ ಮೈತುಂಬಾ ನೀರು ಕುಡಿದಿರುತ್ತದೆ. ಅದನ್ನು ಬುಟ್ಟಿಯಲ್ಲಿ ಬಸಿದು, ಹಾಗೇ ಮಸಾಲೆಗೆ ಹಾಕುತ್ತೇವೆ. ಬೇಸಿಗೆಯಲ್ಲಾದರೆ ಬಟ್ಟೆಯ ಮೇಲೆ ಹರಡಿ ಬಿಸಿಲು ಕಾಣಿಸುತ್ತಿದ್ದೆವು. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಬಿಸಿಲೆಲ್ಲಿಂದ ಬರಬೇಕು? ಆ ನೀರು ಬಾಟಲಿಯೊಳಗೆ ಮೆಲ್ಲಗೆ ಹೊರಬಂದು ಉಪ್ಪನ್ನೂ ಹುಳಿಯನ್ನೂ ತೆಳು ಮಾಡುತ್ತದೆ. ಬಾಟಲಿ ತುಂಬಿದ ದಿನ ಸರಿ ಇದ್ದ ಉಪ್ಪಿನಕಾಯಿ ಹತ್ತು ದಿನಕ್ಕೆ ಕೆಡುವುದು ಹೀಗೆ.

ಅಳತೆ ಕೇಳಿದಾಗ ಒಬ್ಬ ಅಕ್ಕ ಹೇಳಿದ್ದು: "ಒಂದು ಕಿಲೋ ಕಣಿಲೆಗೆ ಒಂದು ಲೋಟ ವಿನೆಗರ್, ಸಾಕಲ್ವಾ?" ಲೆಕ್ಕ ಹಾಕಿ ನೋಡೋಣ. ಅಂಗಡಿಯ ಸಾಧಾರಣ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಇರುವುದು ಶೇಕಡ 4ರಷ್ಟು. ಲೋಟ ಅಂದರೆ 250 ಮಿಲಿ. ಅದರಲ್ಲಿ ಆಮ್ಲ 10 ಗ್ರಾಂ. ಕಣಿಲೆ, ವಿನೆಗರ್ ಸೇರಿ 1,250 ಗ್ರಾಂ. ಎಲ್ಲಾ ಕಡೆ ಹರಡಿದ ಮೇಲೆ ಹುಳಿ ಶೇಕಡ 0.8 ಮಾತ್ರ. ವಿನೆಗರ್ ಉಪ್ಪಿನಕಾಯಿಗೆ ನಮ್ಮ ಆಹಾರ ನಿಯಮ ಕೇಳುವುದು ಕನಿಷ್ಠ 2. ಅರ್ಧದಷ್ಟೂ ಆಗಲಿಲ್ಲ. ಬರೀ ಉಪ್ಪುನೀರಿನ ಮೇಲೆ ನಿಲ್ಲುವ ಉಪ್ಪಿನಕಾಯಿಗೆ ಉಪ್ಪು ಕನಿಷ್ಠ ಶೇಕಡ 12 ಬೇಕು. "ಬಿಪಿ ಇದೆ, ಉಪ್ಪು ಕಮ್ಮಿ ಮಾಡಿ" ಅಂತ ಗಿರಾಕಿ ಕೇಳುತ್ತಾರೆ, ನಾವು ಪಾಪ ಅಂತ ಕಮ್ಮಿ ಮಾಡುತ್ತೇವೆ. ಉಪ್ಪು ತೆಗೆದರೆ ಆ ಜಾಗಕ್ಕೆ ಹುಳಿ ಬರಬೇಕು. ಎರಡನ್ನೂ ಕಮ್ಮಿ ಮಾಡಿದರೆ ಅದು ಉಪ್ಪಿನಕಾಯಿ ಅಲ್ಲ, ಬಾಟಲಿಯಲ್ಲಿಟ್ಟ ಪಲ್ಯ.

ಹಾಗಾದರೆ ಸರಿಪಡಿಸುವುದು ಹೇಗೆ? ಬೆಂದ ಕಣಿಲೆಯನ್ನು ಬಟ್ಟೆಯಲ್ಲಿ ಕಟ್ಟಿ, ಭಾರ ಹೇರಿ, ನೀರು ಇಳಿಸಿ. ಹೇರುವ ಮೊದಲು ಮತ್ತು ಆಮೇಲೆ ತೂಕ ನೋಡಿ. ಎಷ್ಟು ನೀರು ಹೋಯಿತು ಅಂತ ಕಂಡರೆ ನಿಮಗೇ ಆಶ್ಚರ್ಯ ಆಗುತ್ತದೆ. ಉಪ್ಪು, ಹುಳಿ ತೂಕದ ಲೆಕ್ಕದಲ್ಲಿ ಹಾಕಿ. ಎರಡು ದಿನ ಬಿಟ್ಟು, ಹುಳಿ ಎಲ್ಲಾ ಕಡೆ ಇಳಿದ ಮೇಲೆ, ಹೋಳುಗಳನ್ನು ಅರೆದು ಪಿಎಚ್ ನೋಡಿ.

4.6 ಅನ್ನುವ ಗೆರೆ

ಈ ಒಂದು ಅಂಕಿಯನ್ನು ಅಡುಗೆಮನೆಯ ಗೋಡೆ ಮೇಲೆ ಬರೆದಿಟ್ಟರೂ ತಪ್ಪಿಲ್ಲ. ಮಣ್ಣಿನಲ್ಲಿ ಬೊಟುಲಿನಮ್ ಅನ್ನುವ ಒಂದು ಬ್ಯಾಕ್ಟೀರಿಯಾ ಇದೆ. ಅದರ ಬೀಜಕಣ ನೀರು ಕುದಿಯುವ ಬಿಸಿಗೆ ಸಾಯುವುದಿಲ್ಲ. ಸಾಯಲು 121 ಡಿಗ್ರಿ ಬೇಕು. ನಮ್ಮ ಮಡಿಕೇರಿಯಲ್ಲಿ ನೀರು ಕುದಿಯುವುದೇ ಸುಮಾರು 96 ಡಿಗ್ರಿಗೆ. ಗಾಳಿಯಿಲ್ಲದ, ಹುಳಿ ಕಡಿಮೆ ಇರುವ, ಒದ್ದೆ ಜಾಗ ಸಿಕ್ಕರೆ ಅದು ಬೆಳೆದು ವಿಷ ಮಾಡುತ್ತದೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬೆಳೆಯಲು ಆಗುವುದಿಲ್ಲ. ಮನೆಯಲ್ಲಿ ಅಳೆಯುವಾಗ ಹೆಚ್ಚುಕಮ್ಮಿ ಆಗುತ್ತದೆ, ಹಾಗಾಗಿ ನಾವು 4.2ಕ್ಕೆ ತರಬೇಕು.

ಈಗ ಕೊಡಗಿನ ಅಂಗಡಿಗಳಲ್ಲಿ ಬೇಗ ಖರ್ಚಾಗುವ ಮೂರು ಬಾಟಲಿ ನೆನಪು ಮಾಡಿಕೊಳ್ಳಿ. ಅಣಬೆ ಉಪ್ಪಿನಕಾಯಿ, ಹಂದಿ ಮಾಂಸದ ಉಪ್ಪಿನಕಾಯಿ, ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿ. ಮೂರಕ್ಕೂ ತನ್ನದೇ ಹುಳಿ ಇಲ್ಲ. ಅಣಬೆ, ಬೆಳ್ಳುಳ್ಳಿ ಮಣ್ಣಿನ ಸಂಗದಲ್ಲೇ ಬೆಳೆದವು. ಮೇಲಿನ ಎಣ್ಣೆ ಗಾಳಿಯನ್ನು ತಡೆಯುತ್ತದೆ. ಎಣ್ಣೆ ಇದ್ದರೆ ಕೆಡಲ್ಲ ಅಂತ ನಂಬಿಕೊಂಡಿದ್ದೇವೆ. ಬೂಷ್ಟಿಗೆ ಅದು ನಿಜ. ಈ ಬ್ಯಾಕ್ಟೀರಿಯಾಕ್ಕೆ ಮಾತ್ರ ಎಣ್ಣೆಯೇ ಆಸರೆ. ಆ ವಿಷಕ್ಕೆ ರುಚಿ ಇಲ್ಲ, ವಾಸನೆ ಇಲ್ಲ. ಮುಚ್ಚಳ ಉಬ್ಬಬಹುದು, ಉಬ್ಬದೆಯೂ ಇರಬಹುದು. ಚೆನ್ನಾಗಿ ಕುದಿಸಿದರೆ ವಿಷ ಒಡೆಯುತ್ತದೆ, ಆದರೆ ಉಪ್ಪಿನಕಾಯಿಯನ್ನು ಯಾರು ಕುದಿಸಿ ತಿನ್ನುತ್ತಾರೆ?

ಹಂದಿ ಉಪ್ಪಿನಕಾಯಿಯಲ್ಲಿ ಇನ್ನೊಂದು ತೊಡಕಿದೆ. ತುಂಡು ದೊಡ್ಡದಿರುತ್ತದೆ. ಮೊದಲು ಎಣ್ಣೆಯಲ್ಲಿ ಕರಿಯುತ್ತೇವೆ, ಆಮೇಲೆ ಕಾಚಂಪುಳಿಯೋ ವಿನೆಗರೋ ಸುರಿಯುತ್ತೇವೆ. ಕರಿದ ಮೈ ಗಟ್ಟಿಯಾಗಿ, ಕೊಬ್ಬು ಸುತ್ತಿಕೊಂಡು, ಹುಳಿ ಒಳಕ್ಕೆ ಇಳಿಯುವುದಿಲ್ಲ. ಗ್ರೇವಿಯ ಪಿಎಚ್ ನೋಡಿದರೆ 4, ತುಂಡಿನ ನಡುವೆ ನೋಡಿದರೆ 5ಕ್ಕೂ ಮೇಲೆ ಇರಬಹುದು. ಅದಕ್ಕೇ ಗ್ರೇವಿ ಅಳೆದು ಸುಮ್ನಾಗಬಾರದು. ತುಂಡು ಹೊರತೆಗೆದು, ಎಣ್ಣೆ ಒರೆಸಿ, ನಡುವಿನ ಮಾಂಸವನ್ನು ಸ್ವಲ್ಪ ಶುದ್ಧ ಮಾಡಿದ ಡಿಸ್ಟಿಲ್ಡ್ ನೀರಿನ ಜೊತೆ ಅರೆದು ಮೀಟರ್ ಅದ್ದಬೇಕು. ಸರಿಪಡಿಸಲು ತುಂಡು ಸಣ್ಣದು ಮಾಡಿ, ಮಾಂಸವನ್ನು ಹುಳಿಯಲ್ಲೇ ಬೇಯಿಸಿ, ಆಮೇಲೆ ಕರಿಯಿರಿ. ಬೆಳ್ಳುಳ್ಳಿ, ಅಣಬೆಯನ್ನೂ ಎಣ್ಣೆಗೆ ಹಾಕುವ ಮೊದಲು ವಿನೆಗರ್‌ನಲ್ಲಿ ಕುದಿಸಿ ನೆನೆಹಾಕಿ.

ಕಾಚಂಪುಳಿಯ ವಿಷಯದಲ್ಲಿ ಒಂದು ಎಚ್ಚರ. ಅದು ಒಳ್ಳೆಯ ಹುಳಿ, ಅನುಮಾನವೇ ಬೇಡ. ಆದರೆ ಒಂದು ಮನೆಯವರು ಗಟ್ಟಿಯಾಗಿ ಕಾಯಿಸುತ್ತಾರೆ, ಇನ್ನೊಬ್ಬರು ತೆಳ್ಳಗೆ. ಒಂದು ಬಾಟಲಿಯ ಎರಡು ಚಮಚ ಇನ್ನೊಂದು ಬಾಟಲಿಯ ಎರಡು ಚಮಚಕ್ಕೆ ಸಮ ಅಲ್ಲ. ಪಂದಿಕರಿಗೆ ಅದು ರುಚಿಯ ಮಾತು. ಬಾಟಲಿಗೆ ತುಂಬಿ ತಿಂಗಳುಗಟ್ಟಲೆ ಇಡುವ ಮಾಲಿಗೆ ಅದು ಪ್ರಾಣದ ಮಾತು. ಹೊಸ ಕಾಚಂಪುಳಿ ಬಂದಾಗಲೆಲ್ಲ ಹೊಸದಾಗಿ ಅಳೆಯಿರಿ.

ಪಿಎಚ್ 4.6ರ ಕೆಳಗೆ ಬರದೇ ಹೋದರೆ? ಅದನ್ನು ಬಾಟಲಿಯಲ್ಲಿ ತುಂಬಿ ಕೊರಿಯರ್ ಮಾಡಬೇಡಿ. ಫ್ರಿಜ್‌ನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸುವ ಅಡುಗೆಯಾಗಿ ಊರಲ್ಲೇ ಕೊಡಿ. ಅದಕ್ಕೂ ಕರೆಂಟ್ ನೆಟ್ಟಗಿರಬೇಕು. ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಜಾಗದಲ್ಲಿ ಫ್ರಿಜ್ ನಂಬಿ ಮಾಂಸದ ಉಪ್ಪಿನಕಾಯಿ ಇಡುವುದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಾಡಣಬೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆಯವರಿಗೆ ಗೊತ್ತಿರುವ ಅಣಬೆಯನ್ನು ಮನೆಯವರು ತಿನ್ನಲಿ. ಮಾರುವುದಕ್ಕೆ ಬೆಳೆಸಿದ ಅಣಬೆ ಮಾತ್ರ ಬಳಸಿ.

ಬಿಳಿ ಪೊರೆ, ಬೂಷ್ಟು

ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ. ಬೂಷ್ಟು ಎಲ್ಲಿದೆ ಅನ್ನುವುದೇ ಅರ್ಧ ಉತ್ತರ. ಮುಚ್ಚಳದ ಒಳಬದಿ ಮತ್ತು ಬಾಟಲಿಯ ಕೊರಳಲ್ಲಿ ಮಾತ್ರ ಚುಕ್ಕಿ ಚುಕ್ಕಿಯಾಗಿ ಇದ್ದರೆ, ದೋಷ ಬಾಟಲಿಯದ್ದು, ಇಲ್ಲವೇ ಬಿಸಿ ಉಪ್ಪಿನಕಾಯಿ ತುಂಬಿ ಬೇಗ ಮುಚ್ಚಿದ್ದರಿಂದ ಒಳಗೆ ಬೆವರಿದ್ದು. ಎಣ್ಣೆಯಿಂದ ಮೇಲೆದ್ದ ಹೋಳಿನ ತುದಿಯಲ್ಲಿ ಇದ್ದರೆ ಎಣ್ಣೆ ಸಾಲಲಿಲ್ಲ. ಹೋಳಿನ ಮೇಲೆ ಎಣ್ಣೆ ಕನಿಷ್ಠ ಅರ್ಧ ಸೆಂಟಿಮೀಟರ್ ನಿಲ್ಲಬೇಕು. ಉಪ್ಪುನೀರಿನ ಮೇಲೆ ಪೂರ್ತಿ ತೆಳ್ಳಗೆ, ಸುಕ್ಕು ಸುಕ್ಕಾಗಿ ಬಿಳಿ ಪೊರೆ ಕಟ್ಟಿದ್ದರೆ ಅದು ಯೀಸ್ಟ್, ಉಪ್ಪೋ ಹುಳಿಯೋ ಕಡಿಮೆಯಾಗಿದೆ.

ಬಾಟಲಿಯ ಮಾತಿಗೆ ಬರೋಣ. ಹೆಚ್ಚಿನ ಮನೆಗಳಲ್ಲಿ ನಾನು ಕಂಡದ್ದು ಹೀಗೆ. ಬಾಟಲಿ ಚೆನ್ನಾಗಿ ತೊಳೆಯುತ್ತಾರೆ, ಬಿಸಿನೀರಲ್ಲಿ ಅದ್ದುತ್ತಾರೆ, ಆಮೇಲೆ ಟವೆಲ್ ಹಾಸಿ ಬೋರಲು ಹಾಕುತ್ತಾರೆ. ಬೇಸಿಗೆಯಲ್ಲಿ ಅದು ಒಣಗುತ್ತದೆ. ಮಳೆಯಲ್ಲಿ ಟವೆಲ್ಲೇ ಒದ್ದೆ. ಬಾಟಲಿಯ ಒಳಗಿನ ಆವಿಗೆ ಹೊರಗೆ ಹೋಗಲು ದಾರಿ ಇಲ್ಲ. ಮಾರನೇ ದಿನ ಎತ್ತಿ ನೋಡಿದರೆ ಒಳಗೆ ಸ್ವಚ್ಛವಾಗೇ ಕಾಣುತ್ತದೆ. ಕೊರಳಿನ ತಿರುಪಿನ ಸಂದಿಯಲ್ಲಿ ಬೆರಳು ಆಡಿಸಿ, ಪಸೆ ತಗುಲುತ್ತದೆ. ಮುಚ್ಚಳದ ಒಳಗಿನ ರಬ್ಬರ್ ಬಳೆಯ ಅಡಿಯಲ್ಲಿ ಒಂದು ಹನಿ ನೀರು ಕೂತಿರುತ್ತದೆ. ಆ ಹನಿ ಸಾಕು.

ಆ ನೀರು ಎಲ್ಲಿಯದು ಅನ್ನುವುದನ್ನೂ ಕೇಳಬೇಕು. ಜುಲೈ ಆಗಸ್ಟಿನಲ್ಲಿ ನಮ್ಮ ಬಾವಿಗಳು ಕೆಂಪಾಗುತ್ತವೆ, ತೋಡಿನಿಂದ ಪೈಪ್ ಹಾಕಿದ ಮನೆಗಳಲ್ಲಿ ದನದ ಕೊಟ್ಟಿಗೆಯ ನೀರೂ ತೋಟದ ನೀರೂ ಸೇರಿ ಬರುತ್ತದೆ. ಕುಡಿಯುವ ನೀರನ್ನು ಕಾಯಿಸುತ್ತೇವೆ, ಬಾಟಲಿ ಕೊನೆಗೆ ಅಲುಬುವ ನೀರನ್ನು ಕಾಯಿಸುವುದಿಲ್ಲ. ಆ ಕೊನೆಯ ನೀರೂ ಕುದಿಸಿ ಆರಿಸಿದ್ದೇ ಆಗಬೇಕು.

ಗಾಜಿನ ಬಾಟಲಿಯನ್ನು ಕುದಿಯುವ ನೀರಿನಲ್ಲಿ 10 ನಿಮಿಷ ಇಡಿ ಅಂತ ಹೇಳುವುದು ಸಮುದ್ರ ಮಟ್ಟದ ಲೆಕ್ಕ. ಪ್ರತಿ 300 ಮೀಟರಿಗೆ ಒಂದು ನಿಮಿಷ ಸೇರಿಸಬೇಕು. ಮಡಿಕೇರಿ, ಸೋಮವಾರಪೇಟೆಯ ಕಡೆ 15 ನಿಮಿಷ ಇಟ್ಟರೆ ಚಿಂತೆ ಇಲ್ಲ. ಆಮೇಲೆ ಬಟ್ಟೆಯಲ್ಲಿ ಒರೆಸಬೇಡಿ. ಬಾಟಲಿಯ ಬಾಯಿ ಮೇಲೆ ಮಾಡಿ, 110 ಡಿಗ್ರಿಯ ಓವನ್‌ನಲ್ಲಿ ಪೂರ್ತಿ ಒಣಗುವವರೆಗೆ ಇಡಿ. ಓವನ್ ಇಲ್ಲದವರು ಸೌದೆ ಒಲೆಯ ಪಕ್ಕ ತಂತಿ ಜಾಲರಿಯ ಮೇಲೆ ಇಡಬಹುದು.

ಸೌದೆ ಒಲೆ ಅಂದಾಗ ಒಂದು ವಿಷಯ. ಒಲೆ ಸದಾ ಉರಿಯುತ್ತಿದ್ದ ಅಡುಗೆಮನೆ ಕಕ್ಕಡದಲ್ಲೂ ಬೆಚ್ಚಗಿರುತ್ತಿತ್ತು, ಮೇಲಿನ ಅಟ್ಟಕ್ಕೆ ತೇವ ತಾಗುತ್ತಿರಲಿಲ್ಲ. ಭರಣಿ ಕೆಡದೇ ಇದ್ದದ್ದರಲ್ಲಿ ಆ ಅಟ್ಟದ ಪಾಲೂ ಇದೆ. ಗ್ಯಾಸ್ ಒಲೆ ಹಾಗಲ್ಲ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋದಷ್ಟು ನೀರಾವಿ ಅಡುಗೆಮನೆಯ ಗಾಳಿಗೇ ಸೇರುತ್ತದೆ. ಕಿಟಕಿ ಮುಚ್ಚಿದ್ದರೆ ಅದು ಗೋಡೆ, ಕಪಾಟು, ಬಾಟಲಿ ಎಲ್ಲಾ ಕಡೆ ಇಳಿಯುತ್ತದೆ. ಹಾಗಾಗಿ ಅಜ್ಜಿಯ ಅಳತೆ ಈಗ ಯಾಕೆ ಕೈಕೊಡುತ್ತಿದೆ ಅಂತ ಕೇಳುವವರಿಗೆ ಇದೂ ಒಂದು ಉತ್ತರ. ಅಡುಗೆ ಮಾಡುವ ಹೊತ್ತಿಗೇ ಬಾಟಲಿ ತುಂಬಬೇಡಿ. ಹೊಗೆ ಎಳೆಯುವ ಫ್ಯಾನ್ ಓಡಿಸಿ, ಕೋಣೆ ಆರಿದ ಮೇಲೆ ತುಂಬಿ.

"ಮೇಲಿನ ಬೂಷ್ಟು ತೆಗೆದು, ಎಣ್ಣೆ ಬಿಸಿ ಮಾಡಿ ಹಾಕಿದರೆ ಆಯ್ತಲ್ಲ?" ಈ ಪ್ರಶ್ನೆ ಬಂದೇ ಬರುತ್ತದೆ. ಮಾರುವ ಮಾಲಿಗೆ ಖಂಡಿತ ಆಗಲ್ಲ. ಬೂಷ್ಟು ಬೆಳೆಯುವಾಗ ಆ ಜಾಗದ ಹುಳಿಯನ್ನೇ ತಿನ್ನುತ್ತದೆ. ಅಲ್ಲಿ ಪಿಎಚ್ ಏರುತ್ತದೆ. ಅದು 4.6ರ ಗೆರೆ ದಾಟಿ ಮೇಲೆ ಹೋದರೆ ಮೇಲೆ ಹೇಳಿದ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದ ಹಾಗೆ. ನಿರುಪದ್ರವಿ ಅನ್ನಿಸುವ ಬೂಷ್ಟು ಅಪಾಯಕ್ಕೆ ದಾರಿ ಮಾಡುವುದು ಹೀಗೆ. ಬಾಟಲಿ ಸಮೇತ ಎರಡು ಚೀಲದಲ್ಲಿ ಕಟ್ಟಿ ಎಸೆಯಿರಿ. ನಾಯಿಗೆ, ಹಂದಿಗೆ ಹಾಕಬೇಡಿ.

ಮಸಾಲೆ ಪುಡಿಯಲ್ಲಿ ಮುಗ್ಗಲು ವಾಸನೆ ಬಂದರೂ ಇದೇ ಮಾತು. ಒದ್ದೆ ಮೆಣಸಿನಕಾಯಿಯ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಹುರಿದರೂ ಹೋಗಲ್ಲ. ಒಣಗಿಸಿ ಮತ್ತೆ ಬಳಸುವ ಯೋಚನೆ ಬಿಡಿ.

ಜಾಮ್, ಜೇನು, ಚಾಕೊಲೇಟ್

ಜಾಮ್ ಕಲ್ಲಾಗುತ್ತದೆ ಅಂತ ದೂರು ಬಂದರೆ ಮೊದಲು ಕೇಳಿ, ಪಾಕದ ಹದವನ್ನು ಥರ್ಮಾಮೀಟರಿನಲ್ಲಿ 105 ಡಿಗ್ರಿ ನೋಡಿ ಇಳಿಸಿದಿರಾ? ಮೊಬೈಲಿನಲ್ಲಿ ನೋಡುವ ವೀಡಿಯೊಗಳು ಹೇಳುವುದು ಅದನ್ನೇ. ಅದು ನೀರು 100ಕ್ಕೆ ಕುದಿಯುವ ಊರಿನ ಲೆಕ್ಕ. ಜಾಮ್ ಹದಕ್ಕೆ ಬರುವುದು ನೀರು ಕುದಿಯುವ ಬಿಸಿಗಿಂತ ನಾಲ್ಕೂವರೆ ಡಿಗ್ರಿ ಮೇಲೆ. ಮಡಿಕೇರಿಯಲ್ಲಿ ಅದು ಸುಮಾರು 100 ಡಿಗ್ರಿ. 105ರ ತನಕ ಕಾದರೆ ಜಾಮ್ ಹೋಗಿ ಮಿಠಾಯಿ ಆಗುತ್ತದೆ. ಅದೇ ದಿನ ಅದೇ ಥರ್ಮಾಮೀಟರನ್ನು ಕುದಿಯುವ ನೀರಿಗೆ ಅದ್ದಿ, ಬಂದ ಅಂಕಿಗೆ ನಾಲ್ಕೂವರೆ ಸೇರಿಸಿಕೊಳ್ಳಿ. ಜಾಮ್ ತೆಳ್ಳಗಾಗಿ ಮೇಲೆ ಬೂಷ್ಟು ಬಂದಿದ್ದರೆ ಅದರ ಉಲ್ಟಾ, ನೀರು ಉಳಿದಿದೆ. ಕರಗಿದ ಸಕ್ಕರೆಯಂಥ ಅಂಶ ಶೇಕಡ 65 ಇರಬೇಕು. ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಒಂದು ಹನಿಯಲ್ಲಿ ತೋರಿಸುತ್ತದೆ.

ಜೇನು ನೊರೆ ಬಿಟ್ಟು ಹುಳಿ ವಾಸನೆ ಬಂದರೆ ನೀರು ಜಾಸ್ತಿ. ನಮ್ಮ ಊರಿನ ತುಡುವೆ ಜೇನಿನಲ್ಲಿ ಮೊದಲೇ ನೀರಿನಂಶ ಹೆಚ್ಚು, ಮೇಣ ಮುಚ್ಚದ ಹುಟ್ಟಿನಿಂದ ತೆಗೆದರೆ ಇನ್ನೂ ಹೆಚ್ಚು. ಶೇಕಡ 20 ದಾಟಿದರೆ ಹುದುಗುವುದು ಖಚಿತ, 18ರ ಒಳಗಿದ್ದರೆ ನೆಮ್ಮದಿ. ತಳದಲ್ಲಿ ಹರಳು ಕಟ್ಟಿದ್ದರೆ ಅದು ದೋಷವೇ ಅಲ್ಲ, ಗಿರಾಕಿಗೆ ವಿವರಿಸಿ. ಲೇಬಲ್ ಮೇಲೆ ಒಂದು ಸಾಲು ಮಾತ್ರ ಮರೆಯಬೇಡಿ: ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದು. ಜೇನಿನಲ್ಲೂ ಬೊಟುಲಿನಮ್ ಬೀಜಕಣ ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆಯುತ್ತದೆ, ಕೂಸಿನ ಹೊಟ್ಟೆ ತಡೆಯುವುದಿಲ್ಲ.

ಚಾಕೊಲೇಟ್ ಮೇಲಿನ ಬಿಳಿ ಪುಡಿಗೆ ಹೆದರಬೇಡಿ. ಒದ್ದೆ ಬೆರಳಿನಿಂದ ಉಜ್ಜಿ. ತರಿತರಿಯಾಗಿ ಕರಗಿದರೆ ಸಕ್ಕರೆ, ಫ್ರಿಜ್‌ನಿಂದ ತೆಗೆದಾಗ ತೇವ ಕೂತಿದೆ. ಜಾರುತ್ತಾ ಕರಗಿದರೆ ಕೊಬ್ಬು, ಬಿಸಿಗೆ ಕರಗಿ ಮತ್ತೆ ಗಟ್ಟಿಯಾಗಿದೆ. ನೋಟ ಕೆಟ್ಟಿದೆ, ಆರೋಗ್ಯಕ್ಕೆ ತೊಂದರೆ ಇಲ್ಲ.

ತಿಂದವರಿಗೆ ಹೊಟ್ಟೆ ಕೆಟ್ಟಿದೆ

ಈ ಫೋನ್ ಬಂದಾಗ ಎದೆ ಧಸಕ್ಕೆನ್ನುತ್ತದೆ. ವಾದ ಮಾಡಲು ಹೋಗಬೇಡಿ. ಮೊದಲು ಆಸ್ಪತ್ರೆಗೆ ಹೋಗಿದ್ದಾರಾ ಕೇಳಿ, ಆಮೇಲೆ ಎರಡು ವಿಷಯ ಕೇಳಿ: ಎಷ್ಟು ಹೊತ್ತಿಗೆ ತಿಂದರು, ಎಷ್ಟು ಹೊತ್ತಿಗೆ ಶುರುವಾಯಿತು. ಆ ನಡುವಿನ ಗಂಟೆಗಳು ದೋಷ ಎಲ್ಲಿದೆ ಅಂತ ತೋರಿಸುತ್ತವೆ. ಪೂರ್ತಿ ಖಚಿತ ಮಾಡುವುದು ಲ್ಯಾಬ್ ಮಾತ್ರ, ಆದರೆ ಹುಡುಕಲು ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ.

ಒಂದರಿಂದ ಆರು ಗಂಟೆಯೊಳಗೆ ವಾಂತಿಯೇ ಮುಖ್ಯವಾಗಿ ಬಂದರೆ, ಅಡುಗೆಯಲ್ಲಿ ಮೊದಲೇ ವಿಷ ತಯಾರಾಗಿತ್ತು. ಎರಡು ಕಡೆ ನೋಡಿ. ಬೆಳಿಗ್ಗೆ ಬೇಯಿಸಿದ ಅಕ್ಕಿಯ ಕಡಂಬುಟ್ಟು, ನೂಲ್‌ಪುಟ್ಟು, ಅನ್ನ ಸಂಜೆ ತನಕ ಹೊರಗೇ ಇತ್ತಾ? ಅಡುಗೆ ಮಾಡಿದವರ ಕೈಯಲ್ಲಿ ಗಾಯ, ಕೀವು ಇತ್ತಾ? ತೋಟದ ಕೆಲಸ ಮಾಡುವ ಕೈಯಲ್ಲಿ ಗೀರು ಇಲ್ಲದ ದಿನವೇ ಇಲ್ಲ. ಗಾಯದಲ್ಲಿರುವ ಬ್ಯಾಕ್ಟೀರಿಯಾ ಮಾಡುವ ವಿಷವೂ, ಹಳೇ ಅನ್ನದಲ್ಲಿ ವಾಂತಿ ತರುವ ವಿಷವೂ ಮತ್ತೆ ಬಿಸಿ ಮಾಡಿದರೆ ಹೋಗಲ್ಲ. ಗಾಯ ಇದ್ದವರು ಪಟ್ಟಿ ಕಟ್ಟಿ, ಮೇಲೆ ಗ್ಲೌಸ್ ಹಾಕಿಕೊಳ್ಳಬೇಕು. ಕೀವು ಇದ್ದರೆ ಆ ದಿನ ಅಡುಗೆಗೆ ಬೇಡ.

ಎಂಟರಿಂದ ಹದಿನಾರು ಗಂಟೆ ಬಿಟ್ಟು ಹೊಟ್ಟೆ ಹಿಂಡಿ ಭೇದಿ ಆಗಿ, ವಾಂತಿ, ಜ್ವರ ಅಷ್ಟಾಗಿ ಇಲ್ಲ ಅಂದರೆ, ನಾನು ನೇರವಾಗಿ ಪಂದಿಕರಿಯ ಪಾತ್ರೆಯ ಹತ್ತಿರ ಹೋಗುತ್ತೇನೆ. ಕೈಲ್ ಪೊಳ್ದು ಹಬ್ಬ, ಮದುವೆ, ಹೋಂಸ್ಟೇ ಆರ್ಡರ್ ಅಂದರೆ ಹಿಂದಿನ ಸಂಜೆಯೇ ದೊಡ್ಡ ಪಾತ್ರೆಯಲ್ಲಿ ಮಾಡಿಡುತ್ತೇವೆ. ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಬಿಸಿ ಮಾಡಿ ಕಳಿಸುತ್ತೇವೆ. ಹೊರಗೆ ಚಳಿ ಇದೆ, ಕೆಡಲ್ಲ ಅನ್ನುವ ಧೈರ್ಯ. ಆದರೆ ಹಂದಿಯ ಕೊಬ್ಬು ಮೇಲೆ ಹೆಪ್ಪುಗಟ್ಟಿ, ಒಳಗಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಳಗಿನ ಜಾವ ಥರ್ಮಾಮೀಟರ್ ನಡುವಿಗೆ ಇಳಿಸಿ ನೋಡಿ, 40ರ ಮೇಲೆ ತೋರಿಸಿದರೂ ಆಶ್ಚರ್ಯ ಇಲ್ಲ. ಆ ಬಿಸಿಯಲ್ಲಿ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾ ಹತ್ತು ನಿಮಿಷಕ್ಕೆ ಎರಡರಷ್ಟಾಗುತ್ತದೆ. ಅದರ ಬೀಜಕಣವೂ ಬೇಯಿಸಿದಾಗ ಸಾಯುವುದಿಲ್ಲ.

ಒಲೆಯಿಂದ ಇಳಿಸಿದ ಕೂಡಲೇ ಎರಡು ಇಂಚಿಗಿಂತ ಆಳ ಇಲ್ಲದ ಸ್ಟೀಲ್ ಟ್ರೇಗಳಿಗೆ ಸುರಿಯಿರಿ. ತಣ್ಣೀರು ತುಂಬಿದ ಬೋಗುಣಿಯಲ್ಲಿ ಟ್ರೇ ಇಟ್ಟು ಕಲಕುತ್ತಿರಿ. 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು. ಅಲ್ಲಿಂದ ನಾಲ್ಕು ಗಂಟೆಯೊಳಗೆ ಫ್ರಿಜ್‌ನಲ್ಲಿ 5ಕ್ಕೆ. ಮರುದಿನ ನಡುಭಾಗ 75 ಡಿಗ್ರಿ ಮುಟ್ಟುವವರೆಗೆ ಬಿಸಿ ಮಾಡಿ, ಬಡಿಸುವ ತನಕ 60ರ ಮೇಲೇ ಇಡಿ. ಅಷ್ಟು ಟ್ರೇ, ಅಷ್ಟು ಫ್ರಿಜ್ ಇಲ್ಲ ಅನ್ನುವವರು ಬೆಳಿಗ್ಗೆ ಬೇಗ ಎದ್ದು ಅಂದೇ ಮಾಡಿ ಕೊಡುವ ಆರ್ಡರ್ ಮಾತ್ರ ಒಪ್ಪಿಕೊಳ್ಳಿ.

ಅರ್ಧ ದಿನದಿಂದ ಮೂರು ದಿನ ಬಿಟ್ಟು ಜ್ವರದ ಜೊತೆ ಭೇದಿ ಬಂದರೆ ಹಸಿ ಮಾಂಸ ಹೆಚ್ಚಿದ ಹಲಗೆ, ಅದೇ ಕತ್ತಿಯಲ್ಲಿ ಕೊಯ್ದ ಈರುಳ್ಳಿ ಸೌತೆಕಾಯಿ, ಸರಿಯಾಗಿ ಬೇಯದ ಮೊಟ್ಟೆ, ಕಾಯಿಸದ ನೀರು, ಇವನ್ನು ನೋಡಿ.

ಕೊನೆಯದು ಅಪರೂಪ, ಆದರೆ ಗೊತ್ತಿರಲೇಬೇಕು. ಬಾಟಲಿಯ ಮಾಲು ತಿಂದ ಅರ್ಧ ದಿನ, ಒಂದೂವರೆ ದಿನದಲ್ಲಿ ಕಣ್ಣು ಎರಡೆರಡಾಗಿ ಕಾಣುತ್ತದೆ, ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ನುಂಗಲು ಕಷ್ಟ ಅಂದರೆ ಒಂದು ನಿಮಿಷವೂ ಕಾಯಬೇಡಿ. ಬಾಟಲಿಯನ್ನೂ ಚೀಲದಲ್ಲಿ ಕಟ್ಟಿ ಜೊತೆಗೆ ತಗೊಂಡು ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿ. ಉಸಿರಾಟ ನಿಲ್ಲುವ ಮೊದಲು ಚಿಕಿತ್ಸೆ ಸಿಗಬೇಕು. ಅದೇ ಬ್ಯಾಚಿನ ಬಾಟಲಿ ಹೋದ ಪ್ರತಿ ಮನೆಗೂ ನೀವೇ ಫೋನ್ ಮಾಡಿ. ಲೇಬಲ್ ಮೇಲೆ ಬ್ಯಾಚ್ ನಂಬರ್, ಮಾಡಿದ ದಿನ ಯಾಕೆ ಬೇಕು ಅನ್ನುವುದು ಆಗ ಗೊತ್ತಾಗುತ್ತದೆ. ಆಹಾರ ಸುರಕ್ಷತಾ ನೋಂದಣಿಯ 14 ಅಂಕಿಯ ನಂಬರ್ ಮನೆಯಲ್ಲಿ ಮಾಡಿ ಮಾರುವವರಿಗೂ ಬೇಕು. ಮಾಂಸದ ಉಪ್ಪಿನಕಾಯಿಗೆ ಕಂದು ತ್ರಿಕೋನದ ಗುರುತು ಬೇಕು.

ಸರಿಯಾಯಿತಾ ಅಂತ ತಿಳಿಯುವುದು

ಕಾರಣ ಸಿಕ್ಕಿತು ಅಂತ ಒಂದೇ ಸಲ ಇಪ್ಪತ್ತು ಕಿಲೋ ಮಾಡಬೇಡಿ. ಒಂದೇ ಬದಲಾವಣೆ ಮಾಡಿ, ಒಂದೇ ಕಿಲೋ ಮಾಡಿ. ನೀರು ಹಿಂಡಿದ್ದೂ ವಿನೆಗರ್ ಹೆಚ್ಚಿಸಿದ್ದೂ ಬಾಟಲಿ ಬದಲಿಸಿದ್ದೂ ಒಟ್ಟಿಗೆ ಆದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮಾಡಿ ಎರಡು ದಿನ ಆದಾಗ ಒಮ್ಮೆ, ಎರಡು ವಾರ ಆದಾಗ ಒಮ್ಮೆ, ತಿಂಗಳು ಆದಾಗ ಒಮ್ಮೆ ಬೇರೆ ಬೇರೆ ಬಾಟಲಿ ತೆರೆದು ಪಿಎಚ್ ನೋಡಿ ಬರೆದಿಡಿ. ಅಂಕಿ ನಿಂತಲ್ಲೇ ನಿಂತಿದ್ದರೆ ಒಳ್ಳೆಯದು. ಮೇಲೇರುತ್ತಾ ಹೋದರೆ, ಕಣ್ಣಿಗೆ ಏನೂ ಕಾಣದಿದ್ದರೂ, ಮಾರಬೇಡಿ. ಕೆಲವು ಬಾಟಲಿಗಳನ್ನು ಒಲೆ ಹತ್ತಿರದ ಬೆಚ್ಚನೆ ಜಾಗದಲ್ಲಿಡಿ, ಉಬ್ಬುವುದಿದ್ದರೆ ಅಲ್ಲಿ ಬೇಗ ಉಬ್ಬುತ್ತದೆ.

ಎಷ್ಟು ತಿಂಗಳು ಬಾಳುತ್ತದೆ ಅಂತ ಲೇಬಲ್ ಮೇಲೆ ಹಾಕುವ ಮೊದಲು ಒಮ್ಮೆ ಲ್ಯಾಬಿಗೆ ಕೊಡಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಮಗೆ ಹತ್ತಿರದಲ್ಲೇ ಇದೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು. ಹೋಗುವಾಗ ಮುಚ್ಚಿದ ಬಾಟಲಿಗಳ ಜೊತೆ ಅಳತೆಯ ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ಪಕ್ಕದ ಮನೆಯವರ ವರದಿ ನಿಮ್ಮ ಬಾಟಲಿಗೆ ನಡೆಯುವುದಿಲ್ಲ. ಪ್ರತಿ ಬ್ಯಾಚಿನಲ್ಲೂ ಒಂದು ಬಾಟಲಿಯನ್ನು ಮಾರದೆ ನಿಮ್ಮ ಕಪಾಟಿನಲ್ಲಿಡಿ, ಅದರ ತಾರೀಕು ಮುಗಿಯುವವರೆಗೆ ಇರಲಿ. ಮುಂದಿನ ಸಲ ದೂರು ಬಂದಾಗ ಮೊದಲು ಎತ್ತಿ ನೋಡಬೇಕಾದ್ದು ಆ ಬಾಟಲಿಯ ಮುಚ್ಚಳವನ್ನು.